ಎಮ್ಮೆಗೆ ಅಂದ ಮಾತು

"ಎಡಿಟಿಂಗ್ ವಿಚಾರ ನನಗ ಬಿಡ್ರಿ, ನೀವು ಆರಾಮ ಇರ್ರಿ" ಎಂದು ಹಾವೇರಿಯ ಬಿ.ಎಡ್. ಕಾಲೇಜಿನ ವರಾಂಡದಲ್ಲಿ ನಿಂತು ನಾನು ಘೋಷಿಸಿದಾಗ, ಎಡಿಟಿಂಗ್ ಅಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗಟ್ಟಿ ದನಿಯಲ್ಲಿ ಹೇಳುವುದು ಶಿಕ್ಷಕಿಯಾಗುವವಳಿಗೆ ಇರಬೇಕಾದ ಮೊದಲ ಗುಣ ಎಂದು ನಂಬಿದ್ದೆ. ಮೇಲಾಗಿ ನಾನು ಬಿ.ಎಸ್ಸಿ.ಯಲ್ಲಿ ಗಣಿತ ಓದಿದವಳು. ಸಿನಿಮಾದವರು ಎಡಿಟಿಂಗಿಗೆ ಕನ್ನಡದಲ್ಲಿ ಸಂಕಲನ ಎನ್ನುತ್ತಾರೆ, ಗಣಿತದವರು ಕೂಡಿಸುವ ಲೆಕ್ಕಕ್ಕೂ ಸಂಕಲನ ಎನ್ನುತ್ತಾರೆ. ಕೂಡಿಸುವುದು ಬರುತ್ತದಲ್ಲ, ಇನ್ನೇನು ಬೇಕು?

ಇದು ಎರಡು ಸಾವಿರದ ಏಳನೆಯ ಇಸವಿಯ ಮಾತು. ಆ ವರ್ಷ ಕಾಲೇಜಿಗೆ ಹೊಸದಾಗಿ ಬಂದಿದ್ದ ಪ್ರಾಧ್ಯಾಪಕರೊಬ್ಬರು, ಚಾರ್ಟು ಮತ್ತು ಥರ್ಮಾಕೋಲಿನ ಯುಗ ಮುಗಿಯಿತು, ಇನ್ನು ಪ್ರತಿಯೊಂದು ಗುಂಪೂ ಹತ್ತು ನಿಮಿಷದ ಕಿರುಚಿತ್ರ ಮಾಡಿ ತರಬೇಕು, ವಿಷಯ ಹೆಣ್ಣುಮಕ್ಕಳ ಓದು ಎಂದು ಅಪ್ಪಣೆ ಮಾಡಿದರು. ನಮ್ಮದು ಮೂವರ ಗುಂಪು. ರಾಣೆಬೆನ್ನೂರಿನ ಸಿಮ್ರಾನಳ ಅಣ್ಣನ ಹತ್ತಿರ ಕೈಯಲ್ಲಿ ಹಿಡಿಯುವ ವಿಡಿಯೋ ಕ್ಯಾಮೆರಾ ಇತ್ತು. ಹಾವೇರಿಯ ಸುನೀಲಕುಮಾರನಿಗೆ ಗಡ್ಡ ಇತ್ತು, ಆದ್ದರಿಂದ ಕಥೆ ಅವನದು. ಬ್ಯಾಡಗಿಯವಳಾದ ನನಗೆ ಮದುವೆಯಾಗಿತ್ತು, ಮನೆ ಇತ್ತು, ಮನೆಗೆ ಹಿತ್ತಿಲಿತ್ತು. ಶೂಟಿಂಗ್ ಅಲ್ಲೇ ಎಂದು ನಿರ್ಧಾರವಾಯಿತು.

ಸುನೀಲಕುಮಾರ ಬರೆದ ಕಥೆಯ ಹೆಸರು ‘ಒಲೆಗೆ ಬಿದ್ದ ಪುಸ್ತಕ’. ಹೊಸದಾಗಿ ಮದುವೆಯಾದ ಹುಡುಗಿಗೆ ಓದುವ ಆಸೆ. ಅವಳ ಅತ್ತೆ ರಾಕ್ಷಸಿ. ಬೈಯುತ್ತಾಳೆ, ಬಡಿಗೆ ಎತ್ತುತ್ತಾಳೆ, ಕಡೆಗೆ ಪುಸ್ತಕವನ್ನು ಒಲೆಗೆ ಎಸೆಯುತ್ತಾಳೆ. ಸೊಸೆ ಅಳುತ್ತಾಳೆ. ಮುಗಿಯಿತು. ಇದನ್ನು ಓದಿ ಹೇಳುವಾಗ ಅವನೇ ಕಣ್ಣು ಒರೆಸಿಕೊಂಡ.

ಸೊಸೆಯ ಪಾತ್ರ ನಾನು ಮಾಡುವುದೆಂದಾಯಿತು. ಅತ್ತೆಯ ಪಾತ್ರಕ್ಕೆ ಯಾರೂ ಸಿಗಲಿಲ್ಲ. ಸಿಮ್ರಾನಳ ಚಿಕ್ಕಮ್ಮ ಮೊದಲು ಒಪ್ಪಿ, ಕಥೆ ಕೇಳಿದ ಮೇಲೆ ಮಂಡಿನೋವು ಎಂದರು. ಈ ಸಂಕಟವನ್ನು ನಾನು ಮನೆಯಲ್ಲಿ ಊಟದ ಹೊತ್ತಿಗೆ ಹೇಳಿಕೊಂಡೆ. ರೊಟ್ಟಿ ಬಡಿಸುತ್ತಿದ್ದ ನನ್ನ ಅತ್ತೆ ಸುಶೀಲವ್ವ ಕೈ ತಡೆದು, "ನಾ ಮಾಡಲೇನ?" ಎಂದರು. ಕೇಳುವಾಗ ಅವರಿಗೆ ಸ್ವಲ್ಪ ನಾಚಿಕೆಯಾಗಿತ್ತು.

ಈ ಅತ್ತೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ನಾನು ಬಿ.ಎಡ್. ಮಾಡುತ್ತೇನೆ ಎಂದಾಗ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ ಇಟ್ಟಿರುವ ನಮ್ಮವರು, ವಿಜಯಮಹಾಂತೇಶ ಎಂಬ ಉದ್ದನೆಯ ಹೆಸರಿನ ನನ್ನ ಗಂಡ, ಮನೆಯ ಕೆಲಸ ಯಾರು ಮಾಡುತ್ತಾರೆ ಎಂದು ರಾಗ ಎಳೆದಿದ್ದರು. ಆಗ ಒಳಗಿನಿಂದ "ನಾನೇನು ಸತ್ತೇನೇನ?" ಎಂಬ ಒಂದೇ ಮಾತು ಬಂದು ಚರ್ಚೆ ಮುಗಿದಿತ್ತು. ಅಂದಿನಿಂದ ನಾನು ಹಾವೇರಿ ಬಸ್ಸು ಹತ್ತುವ ಮೊದಲು ನನ್ನ ಡಬ್ಬಿ ಕಟ್ಟುವವರು ಅವರು. ಇಂಥವರು ರಾಕ್ಷಸಿಯ ಪಾತ್ರಕ್ಕೆ ನಿಂತರು.

ಶೂಟಿಂಗ್ ದಿನ ಮೊದಲ ತೊಂದರೆ ನನ್ನ ಕಣ್ಣೀರಿನದು. ಬ್ಯಾಡಗಿಯಲ್ಲಿ ಅಳುವುದಕ್ಕೇನು ಬರ ಎಂದು ಸುನೀಲಕುಮಾರ ಒಂದು ಹಿಡಿ ಮೆಣಸಿನಕಾಯಿ ತಂದು ನನ್ನ ಮೂಗಿನ ಹತ್ತಿರ ಮುರಿದ. ನಮ್ಮೂರ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂಬುದು ಪಕ್ಕದ ಊರಿನವನಿಗೂ ತಿಳಿದಿರಲಿಲ್ಲ. ಒಂದು ಸೀನು ಬಂತೇ ಹೊರತು ಕಣ್ಣೀರು ಬರಲಿಲ್ಲ. ಕೊನೆಗೆ ಅತ್ತೆ ಉಳ್ಳಾಗಡ್ಡಿ ಹೆಚ್ಚಿಕೊಟ್ಟರು, ನಾನು ಅತ್ತೆ. ಕನ್ನಡದಲ್ಲಿ ಇವೆರಡಕ್ಕೂ ಒಂದೇ ಪದ ಯಾಕಿದೆ ಎಂದು ಆಗ ಯೋಚಿಸಲಿಲ್ಲ. ಉಳ್ಳಾಗಡ್ಡಿ ಜೋರಾಗಿತ್ತು, ಹಾಗಾಗಿ ಗೋಡೆಗೆ ಆತು ಅತ್ತದ್ದು, ಕಿಟಕಿ ಹಿಡಿದು ಅತ್ತದ್ದು, ತಟ್ಟೆಯ ಮುಂದೆ ಅತ್ತದ್ದು, ಎಲ್ಲವನ್ನೂ ಸಿಮ್ರಾನ ಒಂದೇ ಬೀಸಿನಲ್ಲಿ ಮುಗಿಸಿಕೊಂಡಳು.

ಎರಡನೆಯ ತೊಂದರೆ ಅತ್ತೆಯದು. ಅವರಿಗೆ ಬೈಯಲು ಬರಲಿಲ್ಲ. "ಓದಿ ಯಾವ ರಾಜ್ಯ ಆಳತೀಯೇ ಮೂದೇವಿ" ಎಂಬುದು ಸುನೀಲಕುಮಾರ ಬರೆದ ಮಾತು. ಕ್ಯಾಮೆರಾ ಶುರುವಾದ ಕೂಡಲೇ ಅತ್ತೆ ನನ್ನ ಮುಖ ನೋಡಿ, "ಓದಿ ಓದಿ ಕಣ್ಣ ಕೆಂಪಾಗ್ಯಾವಲ್ಲವ್ವ, ಒಂಚೂರು ಉಂಡು ಮತ್ತ ಓದ್ಯಂತಿ" ಎಂದರು. ಸುನೀಲಕುಮಾರ ತಲೆಯ ಮೇಲೆ ಕೈ ಇಟ್ಟುಕೊಂಡ. ಮತ್ತೊಮ್ಮೆ ಮಾಡಿಸಿದರೆ ಇನ್ನಷ್ಟು ಪ್ರೀತಿಯಿಂದ ಹೇಳಿದರು. ಮೂದೇವಿ ಎನ್ನಲೇಬೇಕು ಎಂದು ಅವನು ಅಂಗಲಾಚಿದಾಗ, ತಾಯಿಯ ಮನೆ ಬಿಟ್ಟು ಬಂದ ಹುಡುಗಿಗೆ ಆ ಶಬ್ದ ಹೇಗೆ ಅನ್ನಲಿ ಎಂದು ಅವನನ್ನೇ ಕೇಳಿದರು. ಪುಸ್ತಕವನ್ನು ಒಲೆಗೆ ಹಾಕಿರೆಂದರೆ ಅದನ್ನು ಕಣ್ಣಿಗೆ ಒತ್ತಿಕೊಂಡು, ಒಲೆಯ ಪಕ್ಕದಲ್ಲಿ, ಕಿಡಿ ಸಿಡಿಯದಷ್ಟು ದೂರದಲ್ಲಿ, ಮೆಲ್ಲಗೆ ಇಟ್ಟರು. ವಿದ್ಯೆಯನ್ನು ಸುಡುವುದು ತಮ್ಮಿಂದ ಆಗುವ ಕೆಲಸವಲ್ಲ ಎಂದರು. ಕಡೆಗೆ ಆ ದೃಶ್ಯಕ್ಕೆ ನನ್ನ ಕೈಯನ್ನೇ ತೆಗೆದುಕೊಂಡೆವು. ಬರೀ ಕೈ ಕಾಣುತ್ತದೆ, ನೋಡುವವರು ಅತ್ತೆಯ ಕೈ ಎಂದುಕೊಳ್ಳುತ್ತಾರೆ ಎಂಬ ಭರವಸೆ.

ಸಂಜೆ ಸುನೀಲಕುಮಾರ ಸೋತು ಕಟ್ಟೆಯ ಮೇಲೆ ಕುಳಿತ. ಚಿತ್ರದಲ್ಲಿ ರಾಕ್ಷಸಿಯೇ ಇಲ್ಲ ಎಂದ. ರಾಕ್ಷಸಿಯನ್ನು ಎಡಿಟಿಂಗಿನಲ್ಲಿ ಹುಟ್ಟಿಸುತ್ತೇನೆ ಎಂದು ನಾನು ಅಭಯ ಕೊಟ್ಟು ಅವನನ್ನು ಬಸ್ಸಿಗೆ ಹತ್ತಿಸಿದೆ.

ನಮ್ಮೂರಿನಲ್ಲಿ ಮದುವೆಯ ವಿಡಿಯೋ ಮಾಡುವವರೂ ಕೇಬಲ್ ಟಿವಿ ನಡೆಸುವವರೂ ಮಲ್ಲಿಕಸಾಬರೇ. ಬಸ್ ನಿಲ್ದಾಣದ ಹಿಂದೆ ಅವರ ಅಂಗಡಿ. ಮದುವೆ ಇಲ್ಲದ ದಿನ ಮಧ್ಯಾಹ್ನ ಅವರ ಕಂಪ್ಯೂಟರಿನಲ್ಲಿ ಕೂರಲು ನಮ್ಮವರ ಪರಿಚಯದ ಮೇಲೆ ಒಪ್ಪಿಗೆ ಸಿಕ್ಕಿತು. ಎಲ್ಲಿ ಕತ್ತರಿಸಬೇಕು, ಎಲ್ಲಿ ಅಂಟಿಸಬೇಕು ಎಂದು ತೋರಿಸಿಕೊಟ್ಟು ಮಲ್ಲಿಕಸಾಬರು ತಮ್ಮ ವೈರಿನ ಕೆಲಸಕ್ಕೆ ಹೋದರು. ಕತ್ತರಿ ಕೈಗೆ ಬಂದ ಅರ್ಧ ಗಂಟೆಯಲ್ಲಿ ನನಗೆ ಬ್ರಹ್ಮನ ಬಗ್ಗೆ ಕನಿಕರ ಹುಟ್ಟಿತು. ಅವನು ಒಂದು ಸಲ ಬರೆದದ್ದನ್ನು ತಿದ್ದಲಾರ. ನಾನು ತಿದ್ದಬಲ್ಲೆ!

ಇಲ್ಲೊಂದು ನಿಧಿ ನನ್ನ ಕೈಗೆ ಸಿಕ್ಕಿತು. ಸಿಮ್ರಾನಳಿಗೆ ಕ್ಯಾಮೆರಾ ಶುರು ಮಾಡುವುದು ನೆನಪಿರುತ್ತಿತ್ತು, ನಿಲ್ಲಿಸುವುದು ಮರೆಯುತ್ತಿತ್ತು. ನಾವೆಲ್ಲ ಚಹಾ ಕುಡಿಯಲು ಹೋದಾಗಲೂ ಕ್ಯಾಮೆರಾ ಹಿತ್ತಿಲನ್ನು ನೋಡುತ್ತಲೇ ಇತ್ತು. ಆ ಹೊತ್ತಿನಲ್ಲಿ ಅತ್ತೆ ತಮ್ಮ ನಿತ್ಯದ ಕೆಲಸ ಮಾಡಿಕೊಂಡಿದ್ದರು. ನಿತ್ಯದ ಕೆಲಸಗಳಲ್ಲಿ ಮುಖ್ಯವಾದದ್ದು ಎಮ್ಮೆಯನ್ನು ಬೈಯುವುದು. ಕಾಗಿನೆಲೆಯಿಂದ ತಂದ ಆ ಎಮ್ಮೆ ಹಾಲಿನ ಪಾತ್ರೆ ಒದೆಯುವುದರಲ್ಲಿ ಪ್ರಸಿದ್ಧ. ಅತ್ತೆ ಸೊಂಟಕ್ಕೆ ಸೆರಗು ಕಟ್ಟಿ, ಕೈಯಲ್ಲಿ ಬಡಿಗೆ ಹಿಡಿದು, ಕಣ್ಣು ಅಗಲಿಸಿ ನಿಂತಿದ್ದರು.

"ತಿನ್ನೂದು ತಿನ್ನೂದು ತಿನ್ನೂದು, ನಿನ್ನ ಹೊಟ್ಟಿ ಏನ ಹಗೇವ ಐತೇನ? ಇನ್ನೊಮ್ಮೆ ಕಾಲ ಎತ್ತಿದಿ ಅಂದ್ರ ಮುರದು ಕೈಯಾಗ ಕೊಡತೇನಿ. ಎಲ್ಲಿಂದ ಬಂದೀದಿ ಅಲ್ಲಿಗೇ ಹೊಳ್ಳಿ ಕಳಸತೇನಿ ನೋಡ."

ಹಗೇವು ಎಂದರೆ ನಮ್ಮ ಕಡೆ ಕಾಳು ತುಂಬಿಡುವ ನೆಲದ ಗುಂಡಿ. ಎಮ್ಮೆ ಒಂದು ಸಲವೂ ಕ್ಯಾಮೆರಾದ ಕಣ್ಣಿಗೆ ಬಿದ್ದಿರಲಿಲ್ಲ. ಅದರ ಜಾಗದಲ್ಲಿ ನಾನು ನನ್ನನ್ನು ಅಂಟಿಸಿದೆ. ಗೋಡೆಗೆ ಆತು ಅಳುವ ಸೊಸೆ, "ನಿನ್ನ ಹೊಟ್ಟಿ ಏನ ಹಗೇವ ಐತೇನ" ಎನ್ನುವ ಅತ್ತೆ, ಕಿಟಕಿ ಹಿಡಿದು ಅಳುವ ಸೊಸೆ. ಮೊಸರಿನ ಗಡಿಗೆಗೆ ಬಾಯಿ ಹಾಕಿದ ಬೆಕ್ಕಿಗೆ ಅಂದದ್ದನ್ನು ತಟ್ಟೆಯ ಮುಂದೆ ಅಳುವ ದೃಶ್ಯಕ್ಕೆ ಸೇರಿಸಿದೆ. ಅಲ್ಲಲ್ಲಿ ಗುಡುಗು ಹಾಕಿದೆ. ಮಲ್ಲಿಕಸಾಬರ ಕಂಪ್ಯೂಟರಿಗೆ ಮದುವೆಯ ಅಭ್ಯಾಸ, ಒಂದು ದೃಶ್ಯ ಮುಗಿದು ಇನ್ನೊಂದು ಬರುವಾಗ ತಾನಾಗಿ ಗುಲಾಬಿ ಎಸಳು ಉದುರಿಸುತ್ತಿತ್ತು. ಅದನ್ನು ನಿಲ್ಲಿಸುವುದು ನನಗೆ ತಿಳಿಯಲಿಲ್ಲ. ಪುಸ್ತಕ ಸುಟ್ಟಾಗಲೂ ಹೂವು ಬಿತ್ತು. ಬೀಳಲಿ, ಕಲೆ ಎಂದುಕೊಂಡೆ.

ಇಷ್ಟೆಲ್ಲ ನಡೆಯುವಾಗ ದಿನಾ ಮಧ್ಯಾಹ್ನ ಅತ್ತೆ ಬಿಸಿಲಲ್ಲಿ ನಡೆದು ಬಂದು ನನಗೆ ಊಟದ ಡಬ್ಬಿ ಕೊಟ್ಟು ಹೋಗುತ್ತಿದ್ದರು. ಸೊಸೆ ಕಲಿಕೆಯಲ್ಲಿ ಹಸಿವು ಮರೆತಾಳು ಎಂಬ ಚಿಂತೆ. ಕಂಪ್ಯೂಟರಿನ ಕಡೆ ನೋಡುತ್ತಲೂ ಇರಲಿಲ್ಲ, ಮುಗಿದ ಮೇಲೆ ಒಮ್ಮೆಲೇ ನೋಡುವುದು ಚಂದ ಎನ್ನುತ್ತಿದ್ದರು. ಒಂದು ದಿನ ಮಲ್ಲಿಕಸಾಬರು ನನ್ನ ಹಿಂದೆ ನಿಂತು ಪರದೆಯನ್ನು ನೋಡಿದರು, ಆಗಷ್ಟೇ ಹೊರಟ ಅತ್ತೆಯ ಬೆನ್ನನ್ನು ನೋಡಿದರು, ಡಬ್ಬಿಯೊಳಗಿನ ಹೋಳಿಗೆಯನ್ನೂ ನೋಡಿದರು.

"ಅಕ್ಕಾರ, ಇದನ್ನ ತಂದುಕೊಟ್ಟವರು ಅವರ ಅಲ್ಲೇನ್ರಿ?"

ನಾನು ಹೌದೆಂದೆ. ಅದು ಬರೀ ಪಾತ್ರ ಎಂದೂ ಹೇಳಿದೆ. ಅವರು ವೈರಿನ ಸುರುಳಿ ಎತ್ತಿಕೊಂಡು ಹೊರಟರು. ನಾನು ಹೋಳಿಗೆ ತಿಂದು ಇನ್ನೊಂದು ಗುಡುಗು ಹಾಕಿದೆ.

ಮಲ್ಲಿಕಸಾಬರ ಕೇಬಲ್ಲಿನಲ್ಲಿ ಊರಿನದೇ ಒಂದು ಚಾನಲ್ ಇತ್ತು. ಶಾಲೆಯ ಗ್ಯಾದರಿಂಗು, ಯಾರದೋ ಮದುವೆ, ಜವಳಿ ಅಂಗಡಿಯ ಜಾಹೀರಾತು ಅದರಲ್ಲಿ ಬರುತ್ತಿದ್ದವು. ನಮ್ಮ ಚಿತ್ರವನ್ನು ಐತವಾರ ಸಂಜೆ ಹಾಕಿರೆಂದು ಕೇಳಿದವಳು ನಾನೇ. ಕಾಲೇಜಿನಲ್ಲಿ ತೋರಿಸುವ ಮೊದಲು ಊರು ನೋಡಲಿ ಎಂಬ ಉದಾರ ಬುದ್ಧಿ. ಓಣಿಗೆಲ್ಲ ಹೇಳಿ ಬಂದೆ. ಅತ್ತೆ ಅಂದು ಇಳಕಲ್ ಸೀರೆ ಉಟ್ಟು, ಟಿವಿಯ ಎದುರಿಗೆ ನಡುವೆ ಕುಳಿತರು. ಅವರ ಪಕ್ಕದಲ್ಲಿ ನನ್ನ ನಾದಿನಿ ಐಶ್ವರ್ಯ, ಸುತ್ತಲೂ ನೆರೆಹೊರೆ, ಬಾಗಿಲಲ್ಲಿ ಮಕ್ಕಳು. ಒಳಗೆ ಎಲ್ಲರಿಗೂ ಚುರುಮುರಿ ಕಲಸಿ ಇಟ್ಟಿತ್ತು.

ಚಿತ್ರ ಶುರುವಾಯಿತು. ಅತ್ತೆ ಮೊದಲ ಸಲ ಕಂಡಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಬಡಿಗೆ ಕಂಡ ಮೇಲೆ ತಟ್ಟಲಿಲ್ಲ. ಗುಡುಗು ಬಿತ್ತು, ಹೊಟ್ಟೆ ಹಗೇವು ಆಯಿತು, ಕಾಲು ಮುರಿದು ಕೈಯಲ್ಲಿ ಕೊಟ್ಟಾಯಿತು. ನೆರೆಹೊರೆಯವರು ಪರದೆಯಿಂದ ಕಣ್ಣು ತೆಗೆದು ನನ್ನನ್ನು, ನನ್ನಿಂದ ತೆಗೆದು ಅತ್ತೆಯನ್ನು ನೋಡತೊಡಗಿದರು. ಪುಸ್ತಕ ಸುಟ್ಟು ಗುಲಾಬಿ ಉದುರಿ ಮುಗಿದಾಗ ಬಾಗಿಲಲ್ಲಿದ್ದ ಮಕ್ಕಳು ಮೆಲ್ಲಗೆ ಹೊರಗೆ ಜಾರಿಕೊಂಡರು.

ಅತ್ತೆ ಪರದೆಯನ್ನೇ ನೋಡುತ್ತಿದ್ದರು. ಆಮೇಲೆ ಸಣ್ಣ ದನಿಯಲ್ಲಿ, "ಅದು ನಾ ಎಮ್ಮಿಗೆ ಅಂದದ್ದು" ಎಂದರು. ಎದ್ದು ಒಳಗೆ ಹೋಗಿ ಚುರುಮುರಿಯ ತಟ್ಟೆ ತಂದು ಎಲ್ಲರಿಗೂ ಕೊಟ್ಟರು. ಜನ ಬೇಗ ಬೇಗ ತಿಂದು ಹೋದರು.

ನಮ್ಮವರು ನನ್ನನ್ನು ಪಡಸಾಲೆಯ ಮೂಲೆಗೆ ಕರೆದು, ಇದೇನು ಮಾಡಿದೆ ಎಂದು ಕೇಳಿದರು. ಇದು ಬರೀ ಪಾತ್ರ ಎಂದು ನಾನು ಮಲ್ಲಿಕಸಾಬರಿಗೆ ಹೇಳಿದ ಉತ್ತರವನ್ನೇ ಹೇಳಿದೆ.

"ಪಾತ್ರದಾಗ ನಮ್ಮವ್ವ ಇದರಾಗಿನ ಒಂದ ಮಾತೂ ಆಡಿಲ್ಲಲ್ಲ" ಎಂದರು ಅವರು.

ಅತ್ತೆಯ ಹತ್ತಿರ ಹೋಗಿ ತಪ್ಪಾಯಿತು ಎಂದೆ. ಇರಲಿ ಬಿಡು, ಕಲಿಯುವವಳು ನೀನು, ಮೊದಲನೇ ರೊಟ್ಟಿ ಹರಿಯುತ್ತದೆ ಎಂದರು. ಆದರೆ ಆ ಮಾತನ್ನು ನನ್ನ ಮುಖ ನೋಡಿ ಹೇಳಲಿಲ್ಲ, ಹಿಟ್ಟಿನ ಡಬ್ಬಿ ನೋಡಿ ಹೇಳಿದರು.

ಮರುದಿನದಿಂದ ಮನೆ ವಿಚಿತ್ರವಾಯಿತು. ಅತ್ತೆ ಎಮ್ಮೆಯನ್ನು ಬೈಯುವುದನ್ನು ನಿಲ್ಲಿಸಿದರು. ಗೋಡೆಯ ಆಚೆ ಜನ ಕೇಳಿಸಿಕೊಳ್ಳುತ್ತಾರೆ, ಒಳಗೆ ಯಾರಿಗೆ ಅನ್ನುತ್ತಿದ್ದಾರೋ ಎಂದು ತಿಳಿಯುತ್ತಾರೆ ಎಂಬ ಭಯ. ಎಮ್ಮೆ ಒದ್ದರೂ ಬಾಯಿ ಮುಚ್ಚಿಕೊಂಡೇ ಪಾತ್ರೆ ಎತ್ತಿಕೊಂಡು ಹಿಂದೆ ಸರಿದರು. ವರ್ಷಗಟ್ಟಲೆ ಬೈಗುಳ ಕೇಳಿ ಹಾಲು ಕೊಟ್ಟ ಪ್ರಾಣಿಗೆ ಈ ಮೌನ ಹಿಡಿಸಲಿಲ್ಲ. ಹಾಲೇ ಇಳಿಸಲಿಲ್ಲ. ನಾವು ಹಾಲು ಮಾರುವವರು, ಆ ವಾರ ಪ್ಯಾಕೆಟ್ ಹಾಲಿನ ಚಹಾ ಕುಡಿದೆವು.

ನಾನು ಕಸಬರಿಗೆ ಹಿಡಿದರೆ ಅತ್ತೆ ಓಡಿ ಬಂದು ಕಸಿದುಕೊಳ್ಳುತ್ತಿದ್ದರು. "ಮುಟ್ಟಬ್ಯಾಡ, ಮಂದಿ ನೋಡತಾರ. ನೀ ಹೊರಗ ಕುಂತು ಓದು." ಹೀಗೆ ನಾನು ದಿನವೂ ಸಂಜೆ ಮನೆಯ ಕಟ್ಟೆಯ ಮೇಲೆ, ಓಣಿಗೆ ಕಾಣುವ ಹಾಗೆ, ದಪ್ಪದೊಂದು ಪುಸ್ತಕ ಬಿಚ್ಚಿಕೊಂಡು ಕೂರಬೇಕಾಯಿತು. ಒಳಗೆ ಅವರು ಒಬ್ಬರೇ ರೊಟ್ಟಿ ತಟ್ಟುವ ಸದ್ದು ಕೇಳುತ್ತಿತ್ತು. ಪುಟ ತಿರುವುತ್ತಿದ್ದೆ, ಒಂದಕ್ಷರ ಒಳಗೆ ಹೋಗುತ್ತಿರಲಿಲ್ಲ.

ಆಚೆ ಮನೆಯ ಹಾಜಿರಾಬಿ ಒಂದು ಸಂಜೆ ಅತ್ತೆ ಇಲ್ಲದ್ದನ್ನು ನೋಡಿಕೊಂಡು ಬಂದು ನನ್ನ ಪಕ್ಕ ಕುಳಿತಳು. ನನ್ನ ತೋಳು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಏನಾದರೂ ಇದ್ದರೆ ಮುಚ್ಚಿಡಬೇಡ, ನಾವು ಗೋಡೆಯ ಆಚೆಯೇ ಇದ್ದೇವೆ ಎಂದಳು. ನಾನು ಗಾಬರಿಯಾಗಿ, ಅತ್ತೆ ನನಗೆ ಏನೂ ಅಂದಿಲ್ಲ, ಅದೆಲ್ಲ ಎಮ್ಮೆಗೆ ಎಂದೆ.

ಹಾಜಿರಾಬಿಯ ಕಣ್ಣಲ್ಲಿ ನೀರು ಬಂತು. "ಎಮ್ಮಿ ಅಂತಾಳೇನವ್ವ ನಿನಗ?"

ಇಷ್ಟಕ್ಕೇ ಮುಗಿದಿದ್ದರೆ ನಗುತ್ತ ಮರೆಯಬಹುದಿತ್ತು. ಆದರೆ ಆ ದಿನಗಳಲ್ಲಿ ಐಶ್ವರ್ಯಳ ಮದುವೆಯ ಮಾತು ನಡೆದಿತ್ತು. ಕುಪ್ಪೇಲೂರಿನ ಸಿದ್ದಲಿಂಗಪ್ಪನವರ ಮಗ. ಹೊಲ ಮನೆ ಚೆನ್ನಾಗಿತ್ತು, ಹುಡುಗ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿದ್ದ, ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿಯೂ ಆಗಿತ್ತು. ಸಿದ್ದಲಿಂಗಪ್ಪನವರ ತಂಗಿಯನ್ನು ಕೊಟ್ಟಿದ್ದು ಬ್ಯಾಡಗಿಗೆ. ಆಕೆಯ ಮನೆಗೆ ಬರುತ್ತಿದ್ದದ್ದೂ ಮಲ್ಲಿಕಸಾಬರ ಕೇಬಲ್ಲೇ.

ಸಿದ್ದಲಿಂಗಪ್ಪನವರು ನಮ್ಮವರ ಅಂಗಡಿಗೆ ಫೋನು ಮಾಡಿ, ಸ್ವಲ್ಪ ದಿನ ವಿಚಾರ ಮಾಡುತ್ತೇವೆ ಎಂದರು. ಒಪ್ಪಿದ ಮೇಲೆ ವಿಚಾರ ಮಾಡುತ್ತೇವೆ ಎಂದರೆ ಏನರ್ಥವೆಂದು ಎಲ್ಲರಿಗೂ ಗೊತ್ತು. ಯಾಕೆ ಎಂದು ನಮ್ಮವರು ಬಿಡದೆ ಕೇಳಿದಾಗ, ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ಹಿರಿಯರು ಹೇಳಿದ್ದಾರಲ್ಲ ಎಂದರಂತೆ.

ಐಶ್ವರ್ಯ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿಕೊಂಡಿದ್ದ ಹುಡುಗನ ಫೋಟೋ ಮಾತ್ರ ಅಲ್ಲಿರಲಿಲ್ಲ. ಅತ್ತೆ ದೇವರ ಮುಂದೆ ಹೆಚ್ಚು ಹೊತ್ತು ಕೂರತೊಡಗಿದರು. ನಮ್ಮವರು ಮೂರನೆಯ ದಿನ ನನ್ನೆದುರು ನಿಂತರು. "ಕೆಡಿಸಿದಾಕಿ ನೀ. ಸರಿ ಮಾಡಾಕಿನೂ ನೀನ."

ಕೇಬಲ್ಲಿನಲ್ಲಿ ಹೋದ ಮಾನ ಕೇಬಲ್ಲಿನಲ್ಲೇ ಬರಬೇಕು ಎಂದು ತೀರ್ಮಾನವಾಯಿತು. ನಮ್ಮವರು ಕುಪ್ಪೇಲೂರಿಗೆ ಫೋನು ಮಾಡಿ, ಅವತ್ತು ಹಾಕಿದ್ದು ಅರ್ಧ ಪಿಚ್ಚರ್, ಪೂರಾ ಪಿಚ್ಚರ್ ಬರುವ ಐತವಾರ ಇದೆ, ನಮ್ಮ ಮನೆಯಲ್ಲೇ ಕುಳಿತು ನೋಡಬೇಕು, ಆಮೇಲೆ ನಿಮ್ಮ ಇಚ್ಛೆ ಎಂದು ಬೇಡಿಕೊಂಡರು. ಪೂರಾ ಪಿಚ್ಚರ್ ಇನ್ನೂ ಹುಟ್ಟಬೇಕಿತ್ತು. ನಾನು ಮಲ್ಲಿಕಸಾಬರ ಅಂಗಡಿಗೆ ಹೊರಟೆ. ಅತ್ತೆ ಚಪ್ಪಲಿ ಮೆಟ್ಟಿಕೊಂಡು, ತಾವೂ ಬರುತ್ತೇನೆ, ಕತ್ತರಿಸುವುದು ಹೇಗೆ ಎಂದು ನೋಡಬೇಕು ಎಂದರು.

ಅವರು ನನ್ನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತರು. ಎಮ್ಮೆಗೆ ಅಂದದ್ದು, ಬೆಕ್ಕಿಗೆ ಅಂದದ್ದು, ಬಡಿಗೆ, ಗುಡುಗು, ಒಂದೊಂದನ್ನೂ ಅವರ ಕಣ್ಣೆದುರೇ ಕಿತ್ತು ಹಾಕಿದೆ. ಚಿತ್ರ ಮೊಳದುದ್ದ ಇದ್ದದ್ದು ಗೇಣುದ್ದವಾಯಿತು. ಹತ್ತು ನಿಮಿಷ ತುಂಬಿಸಬೇಕಲ್ಲ, ಹಾಗಾಗಿ ಸುನೀಲಕುಮಾರ ಬೇಡವೆಂದು ಬಿಟ್ಟಿದ್ದ ತುಣುಕುಗಳನ್ನೆಲ್ಲ ಹುಡುಕಿ ತಂದೆ. ಅತ್ತೆ ಉಣ್ಣು ಎನ್ನುವುದು, ಅತ್ತೆ ಕಣ್ಣು ಕೆಂಪಾಗಿವೆ ಎನ್ನುವುದು, ಅತ್ತೆ ಪುಸ್ತಕವನ್ನು ಕಣ್ಣಿಗೆ ಒತ್ತಿಕೊಳ್ಳುವುದು. ಎಲ್ಲ ಪ್ರೀತಿಯೂ ಒಳಗೆ ಬಂತು.

ನಾನು ಅಳುವ ದೃಶ್ಯಗಳನ್ನು ತೆಗೆಯಲು ಹೋದಾಗ ಅತ್ತೆ ನನ್ನ ಕೈ ಹಿಡಿದರು. "ಅದನ್ನ ಯಾಕ ತಗೀತಿ? ಎಷ್ಟ ಛಂದ ಅತ್ತೀದಿ. ಇರ್ಲಿ."

ಇರಲಿ ಎಂದೆ. ಗೋಡೆಗೆ ಆತು ಅತ್ತದ್ದು ಉಳಿಯಿತು. ಕಿಟಕಿ ಹಿಡಿದು ಅತ್ತದ್ದೂ ಉಳಿಯಿತು. ತಟ್ಟೆಯ ಮುಂದೆ ಅತ್ತದ್ದನ್ನು ಎರಡು ಸಲ ಇಡೋಣ ಎಂದರು, ಎರಡು ಸಲ ಇಟ್ಟೆ. ಪುಸ್ತಕ ಸುಡುವುದಾದರೂ ಹೋಗಲಿ ಎಂದರೆ, ಬೆಂಕಿ ಬಹಳ ಚಂದ ಬಂದಿದೆ, ಪಾಪ ಆ ಹುಡುಗ ಕಷ್ಟಪಟ್ಟು ಕಥೆ ಬರೆದಿದ್ದಾನೆ ಎಂದರು. ನನಗೆ ಮೊದಲೇ ಅಪರಾಧದ ಭಾರ, ಅವರು ಕೇಳಿದ ಯಾವುದಕ್ಕೂ ಇಲ್ಲ ಎನ್ನಲಾಗಲಿಲ್ಲ. ಕೆಲಸ ಮುಗಿಯುವ ಹೊತ್ತಿಗೆ ಮಲ್ಲಿಕಸಾಬರು ಮೋಟೆಬೆನ್ನೂರಿನ ಒಂದು ಮದುವೆಗೆ ಹೊರಟು ನಿಂತಿದ್ದರು. ಮೊದಲಿನಿಂದ ಕೊನೆಯವರೆಗೆ ಒಮ್ಮೆ ನೋಡುವ ಅವಕಾಶವೇ ಸಿಗಲಿಲ್ಲ.

ಐತವಾರ ಸಿದ್ದಲಿಂಗಪ್ಪನವರು ಹೆಂಡತಿ ಬಸಲಿಂಗವ್ವನನ್ನು ಕರೆದುಕೊಂಡು ಬಂದರು. ಇಬ್ಬರೂ ಗೋಡೆಗೆ ಒರಗದೆ, ಎದ್ದು ಹೋಗಲು ಅನುಕೂಲವಾಗುವ ಹಾಗೆ ಕುಳಿತರು. ನೆರೆಹೊರೆಯೂ ಬಂತು. ಐಶ್ವರ್ಯ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತಳು.

ಆಗ ನಾನೂ ಮೊದಲ ಸಲ ಪೂರಾ ಪಿಚ್ಚರ್ ನೋಡಿದೆ.

ಅತ್ತೆ ಪ್ರೀತಿಯಿಂದ ಉಣ್ಣು ಎನ್ನುತ್ತಾರೆ, ಸೊಸೆ ತಟ್ಟೆಯ ಮುಂದೆ ಅಳುತ್ತಾಳೆ. ಕಣ್ಣು ಕೆಂಪಾಗಿವೆಯಲ್ಲವ್ವ ಎನ್ನುತ್ತಾರೆ, ಸೊಸೆ ಮುಖ ತಿರುಗಿಸಿ ಗೋಡೆಗೆ ಆತು ಅಳುತ್ತಾಳೆ. ಉಂಡು ಮತ್ತೆ ಓದುವೆಯಂತೆ ಎನ್ನುತ್ತಾರೆ, ಸೊಸೆ ಕಿಟಕಿ ಹಿಡಿದು ಅಳುತ್ತಾಳೆ. ಗುಲಾಬಿ ಉದುರುತ್ತದೆ. ಅತ್ತೆ ಮತ್ತೆ ತಟ್ಟೆ ತರುತ್ತಾರೆ, ಸೊಸೆ ಮತ್ತೆ ಅದರ ಮುಂದೆ ಅಳುತ್ತಾಳೆ. ಅತ್ತೆ ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡು ಒಲೆಯ ಪಕ್ಕ ಜೋಪಾನವಾಗಿ ಇಡುತ್ತಾರೆ. ಮರುಕ್ಷಣ ಒಂದು ಕೈ ಬಂದು ಅದನ್ನು ಬೆಂಕಿಗೆ ಎಸೆಯುತ್ತದೆ. ಕೈಯಲ್ಲಿ ನನ್ನ ಹಸಿರು ಬಳೆಗಳು ಥಳಥಳ ಹೊಳೆಯುತ್ತಿದ್ದವು.

ಮುಗಿದಾಗ ಬಸಲಿಂಗವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಹೋಗಿ ನಮ್ಮ ಅತ್ತೆಯ ಎರಡೂ ಕೈ ಹಿಡಿದರು.

"ಏನ ಸೋಸೀರವ್ವಾ ನೀವು. ಸೊಸೀನ ಸೋಸೂದು ಅಂದ್ರ ಇದು."

ಸೋಸುವುದು ಎಂದರೆ ನಮ್ಮ ಕಡೆ ಸಹಿಸುವುದು. ಇಂಥ ಸೊಸೆಯನ್ನು ಸಂಭಾಳಿಸಿದ ತಾಯಿ ತನ್ನ ಮಗಳಿಗೆ ಏನು ಕಡಿಮೆ ಕಲಿಸಿರುತ್ತಾಳೆ ಎಂದು ಸಿದ್ದಲಿಂಗಪ್ಪನವರು ಗೋಡೆಗೆ ಒರಗಿ ಕುಳಿತರು, ಚಹಾ ತರಲು ಹೇಳಿದರು. ಚಹಾ ಕುಡಿದು ಮದುವೆಯ ತಿಂಗಳು ಯಾವುದೆಂದು ಕೇಳಿದರು. ಬಸಲಿಂಗವ್ವ ನನ್ನನ್ನು ಪಕ್ಕಕ್ಕೆ ಕರೆದು, ಓದಿಸುತ್ತೇನೆ ಎನ್ನುವ ಅತ್ತೆ ಸಿಕ್ಕಾಗ ಓದಬೇಕು, ಪುಸ್ತಕ ಸುಟ್ಟರೆ ಯಾರಿಗೆ ನಷ್ಟ ಎಂದು ಬುದ್ಧಿ ಹೇಳಿದರು.

ಅದೆಲ್ಲ ಉಳ್ಳಾಗಡ್ಡಿ ಎಂದು ಹೇಳಲು ಬಾಯಿ ತೆರೆದೆ. ಬಾಗಿಲ ಮರೆಯಲ್ಲಿ ಐಶ್ವರ್ಯಳ ಮುಖ ಕಂಡಿತು. ಬಾಯಿ ಮುಚ್ಚಿ ತಲೆ ತಗ್ಗಿಸಿದೆ.

"ಆತ್ರಿ. ಇನ್ನ ಮ್ಯಾಲ ಓದತೇನ್ರಿ."

ಹೋಗುವಾಗ ಹಾಜಿರಾಬಿ ನನ್ನ ಎದುರು ನಿಂತಳು. ಕಳೆದ ವಾರ ತೋಳು ಎತ್ತಿ ನೋಡಿದವಳು ಈಗ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಆಕಿ ಎಮ್ಮಿ ಅಂದಿದ್ರಾಗ ಏನೂ ತಪ್ಪಿಲ್ಲ ಬಿಡು" ಎಂದು ಹೊರಟಳು.

ಕಾಲೇಜಿಗೂ ಇದನ್ನೇ ಕೊಟ್ಟೆವು, ಬೇರೆ ಮಾಡಲು ಸಮಯವಿರಲಿಲ್ಲ. ತನ್ನ ಕಥೆ ತಲೆಕೆಳಗಾದದ್ದನ್ನು ಅಲ್ಲೇ ಮೊದಲ ಸಲ ನೋಡಿದ ಸುನೀಲಕುಮಾರ ನನ್ನನ್ನು ಕೊಲ್ಲುವ ಹಾಗೆ ನೋಡಿದ. ಆದರೆ ಪ್ರಾಧ್ಯಾಪಕರು ಎದ್ದು ನಿಂತು, ಎಲ್ಲ ಗುಂಪುಗಳೂ ಕೆಟ್ಟ ಅತ್ತೆಯನ್ನೇ ತೋರಿಸಿವೆ, ಓದಿಸಲು ಒದ್ದಾಡುವ ಅತ್ತೆಯನ್ನೂ ಓದಲು ಒಲ್ಲದ ಸೊಸೆಯನ್ನೂ ತೋರಿಸುವ ಧೈರ್ಯ ಮಾಡಿದ್ದು ಇದೊಂದೇ ಗುಂಪು ಎಂದು ಮೊದಲ ಸ್ಥಾನ ಕೊಟ್ಟರು. ಸುನೀಲಕುಮಾರ ಗಡ್ಡ ಸವರಿಕೊಂಡು ಎದ್ದು, ಇದೇ ತನ್ನ ಮೂಲ ಆಶಯವಾಗಿತ್ತು ಎಂದ.

ಆ ಪೂರಾ ಪಿಚ್ಚರಿನಲ್ಲಿ ನನ್ನ ಅಳುವನ್ನೆಲ್ಲ ಉಳಿಸಿದ್ದು ಪ್ರೀತಿಗೋ ಬೇರೆ ಯಾವುದಕ್ಕೋ ಎಂದು ಒಂದು ಬೆಳಗ್ಗೆ ಹಿತ್ತಿಲಲ್ಲಿ ಅತ್ತೆಯನ್ನು ಕೇಳಿಯೇಬಿಟ್ಟೆ. ಎಮ್ಮೆಯ ಪಕ್ಕ ಕುಳಿತಿದ್ದ ಅವರು ತಲೆ ಎತ್ತಲಿಲ್ಲ. ನನಗೆ ಇವೆಲ್ಲ ಏನು ತಿಳಿಯುತ್ತದೆ, ಓದಿದವಳು ನೀನು ಎಂದರು. ಅಷ್ಟರಲ್ಲಿ ಎಮ್ಮೆ ಪಾತ್ರೆ ಒದ್ದಿತು. ಅತ್ತೆ ಸೆರಗು ಸೊಂಟಕ್ಕೆ ಬಿಗಿದು, ಓಣಿಯ ಕೊನೆಯವರೆಗೆ ಕೇಳುವ ಹಾಗೆ ಅದರ ಹೊಟ್ಟೆ, ಕಾಲು, ಅದರ ಹುಟ್ಟಿದ ಊರು ಎಲ್ಲವನ್ನೂ ಎತ್ತಿ ಬೈದರು. ನನಗೆ ಮನೆ ಮತ್ತೆ ಮನೆಯಾದ ಹಾಗೆ ಅನಿಸಿತು. ಆ ಹೊತ್ತು ಎಮ್ಮೆ ಪಾತ್ರೆ ತುಂಬ ಹಾಲು ಕೊಟ್ಟಿತು.

ಐಶ್ವರ್ಯಳ ಮದುವೆ ರಾಣೆಬೆನ್ನೂರಿನಲ್ಲಿ ಆಯಿತು. ವಿಡಿಯೋ ಮಲ್ಲಿಕಸಾಬರದೇ. ಊಟವಾದ ಮೇಲೆ ಸಿದ್ದಲಿಂಗಪ್ಪನವರು ಎಲೆ ಅಡಿಕೆ ಹಾಕಿಕೊಳ್ಳುತ್ತ, ಎಡಿಟಿಂಗಿಗೆ ಮಲ್ಲಿಕಸಾಬರಿಗೆ ಯಾಕೆ ತೊಂದರೆ, ಕಾಲೇಜಿನಲ್ಲಿ ಬಹುಮಾನ ತಂದ ಸೊಸೆ ಬೀಗರ ಮನೆಯಲ್ಲೇ ಇದ್ದಾಳಲ್ಲ, ಅವಳೇ ಮಾಡಲಿ ಎಂದರು. ಮಂಟಪದಲ್ಲಿ ಇದ್ದವರೆಲ್ಲ ನನ್ನ ಕಡೆ ತಿರುಗಿದರು. ನಾನು ಸೆರಗು ಸರಿಮಾಡಿಕೊಂಡು ಗಂಟಲು ಸರಿಮಾಡಿಕೊಂಡೆ.

ನನಗಿಂತ ಮೊದಲು ಅತ್ತೆ ಮಾತಾಡಿದರು.

"ಬ್ಯಾಡ್ರಿ ಬೀಗರ. ಈಕಿ ಕೈಯಾಗ ಕೊಟ್ರ, ತಲಿ ಮ್ಯಾಲ ಅಕ್ಕಿಕಾಳು ಬೀಳೂದರಾಗ ನಮ್ಮ ಹುಡುಗಿ ಅಳಕೋತ ತವರಮನಿಗೆ ಹೊಳ್ಳಿ ಬಂದಿರ್ತಾಳ."